ಅತ್ತೆಯ ಕಾಲ್ಗುಣ

ತಿರುಗುತ್ತಿದ್ದ ಯಂತ್ರ ಯಾವುದೇ ಇರಲಿ, ಅದು ಇದ್ದಕ್ಕಿದ್ದಂತೆ ನಿಂತರೆ ನನ್ನ ಕಾಲು ತಾನಾಗಿ ಮುಂದೆ ಹೋಗುತ್ತದೆ. ಮೊನ್ನೆ ನೆಲದ ಮೇಲಿಟ್ಟಿದ್ದ ಫ್ಯಾನು ನಿಂತಾಗಲೂ ಹಾಗೇ ಆಯಿತು. ಅದರ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. "ಅಯ್ಯೋ, ಫ್ಯಾನಿಗೆ ಯಾಕೆ ಒದೀತೀರಿ ಅತ್ತೆ?" ಎಂದು ಸೊಸೆ ಓಡಿಬಂದಳು. ಒದೆಯುವುದಲ್ಲಮ್ಮ, ಇದೊಂದು ಪರೀಕ್ಷೆ ಎಂದೆ. ಅವಳು ನಂಬಲಿಲ್ಲ. ಫ್ಯಾನೂ ತಿರುಗಲಿಲ್ಲ. ಇಡೀ ಊರಿನ ಕರೆಂಟೇ ಹೋಗಿತ್ತೆಂದು ಆಮೇಲೆ ತಿಳಿಯಿತು. ಈ ವಯಸ್ಸಿನಲ್ಲಿ ಮರ್ಯಾದೆ ಹೋಗುವುದೇನೂ ದೊಡ್ಡ ಮಾತಲ್ಲ. ಆದರೆ ಈ ಅಭ್ಯಾಸ ಎಲ್ಲಿಂದ ಅಂಟಿತೆಂದು ಹೇಳದಿದ್ದರೆ ನೀವೂ ನನ್ನನ್ನು ಒದೆಯುವ ಮುದುಕಿಯೆಂದೇ ತಿಳಿದೀರಿ.

ಹೇಳಬೇಕೆಂದರೆ ನಮ್ಮ ಮಾವನವರ ಕಾರಿನಿಂದ ಶುರುಮಾಡಬೇಕು. ಕಾರಿಗೂ ಮುಂಚೆ ನನ್ನ ಅಕ್ಕಿರೊಟ್ಟಿಯಿಂದ.

ನಾನು ಚಿಕ್ಕಮಗಳೂರು ಪೇಟೆಯಲ್ಲಿ ಬೆಳೆದವಳು. ಅಪ್ಪ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲದಲ್ಲಿ ನನ್ನನ್ನು ಮಲ್ಲಂದೂರು ಕಡೆಯ ಒಂದು ಕಾಫಿ ತೋಟಕ್ಕೆ ಕೊಟ್ಟರು. ಪೇಟೆಯ ಹುಡುಗಿ, ಓದು ಬರಹ ಬರುತ್ತದೆ ಎಂದು ಎಲ್ಲರೂ ಹೊಗಳಿದರು. ರೊಟ್ಟಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನು ತಟ್ಟಿದ ಮೊದಲ ರೊಟ್ಟಿಯನ್ನು ನಮ್ಮತ್ತೆ ಬೆಳಕಿಗೆ ಎತ್ತಿ ಹಿಡಿದು, ಸುತ್ತಲಿನ ಅಂಕುಡೊಂಕನ್ನೆಲ್ಲ ನೋಡಿ, "ಇದ್ರಲ್ಲಿ ಕಡೂರು ಎಲ್ಲಿ ಬಂತೇ?" ಎಂದು ಕೇಳಿದರು. ಭೂಪಟ ಓದಲು ಬಾರದ ಅವರಿಗೆ ನನ್ನ ರೊಟ್ಟಿ ಭೂಪಟದಂತೆ ಕಂಡದ್ದು ನನಗೆ ಇವತ್ತಿಗೂ ಆಶ್ಚರ್ಯ.

ಅತ್ತೆ ಗಿಡ್ಡಗೆ, ದುಂಡಗೆ, ನಗುವಾಗ ಇಡೀ ಮೈ ನಗುತ್ತಿದ್ದ ಹೆಂಗಸು. ಮಾವ ಉದ್ದ, ಸಪೂರ. ನಗು ಬಂದರೂ ಮೊದಲು ಮೀಸೆಗೆ ತಿಳಿಸಿ ಆಮೇಲೆ ನಗುತ್ತಿದ್ದರು. ನನ್ನ ಮದುವೆಗೆ ಸ್ವಲ್ಪ ಮುಂಚೆ ನಮ್ಮ ಪಕ್ಕದ ತೋಟದ ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಕಾರು ಮಾವನ ಪಾಲಿಗೆ ಬಂತು. ಕಾರಿನ ಜೊತೆಗೆ ಅದರ ಡ್ರೈವರ್ ಪಾಸ್ಕಲನೂ ಬಂದ. ಮಂಗಳೂರು ಕಡೆಯವನು; ಮಾತಿಗೊಮ್ಮೆ "ದೊರೆಯ ಕಾಲದಲ್ಲಿ" ಎನ್ನುತ್ತಿದ್ದ. ದೊರೆಯ ಕಾಲ ಮುಗಿದು ಇನ್ನೂ ತಿಂಗಳಾಗಿರಲಿಲ್ಲ.

ಆ ಕಾರಿನಲ್ಲಿ ಸುತ್ತಮುತ್ತ ಯಾರ ಕಾರಿನಲ್ಲೂ ಇಲ್ಲದ ಒಂದು ವಸ್ತುವಿತ್ತು. ದೊರೆ ಕಾರನ್ನು ತನ್ನ ಚಳಿದೇಶದಿಂದಲೇ ಹಡಗಿನಲ್ಲಿ ತರಿಸಿದ್ದನಂತೆ. ಅದಕ್ಕೇ ಮುಂದಿನ ಎಡಸೀಟಿನಲ್ಲಿ ಕೂತವರ ಕಾಲಿನ ಎದುರಿಗೆ ಕಡುಬಿನ ಪಾತ್ರೆಯಷ್ಟು ಗಾತ್ರದ ಒಂದು ತಗಡಿನ ಪೆಟ್ಟಿಗೆ ತೂಗುತ್ತಿತ್ತು. ಇಂಜಿನ್ನಿನ ಬಿಸಿನೀರು ರಬ್ಬರ್ ಕೊಳವೆಯಲ್ಲಿ ಹರಿದುಬಂದು ಅದರೊಳಗೆ ಸುತ್ತಿ ಮತ್ತೆ ಇಂಜಿನ್ನಿಗೇ ಹೋಗುತ್ತಿತ್ತು. ಒಳಗೊಂದು ಅಂಗೈಯಗಲದ ಫ್ಯಾನು. ಗುಂಡಿ ತಿರುಗಿಸಿದರೆ ಗರ್ರೆಂದು ತಿರುಗಿ ಬಿಸಿಗಾಳಿಯನ್ನು ಕಾರಿನೊಳಗೆ ಊದುತ್ತಿತ್ತು. ಪಾಸ್ಕಲ್ ಅದನ್ನು ಹೀಟರ್ ಎಂದ. ಮಾವ ಹೀಟ್ರು ಎಂದರು. ಅತ್ತೆ ಒಮ್ಮೆ ಬಗ್ಗಿ ನೋಡಿ, "ಕಾರಿಗೂ ಬಚ್ಚಲೊಲೆ ಇಟ್ಟಿದಾನಲ್ಲ, ಸ್ನಾನ ಎಲ್ಲಿ ಮಾಡ್ತಿದ್ನಂತೆ?" ಎಂದರು.

ನಮ್ಮ ಕಡೆ ಕಾಫಿ ಕೊಯ್ಲಿನ ದಿನಗಳ ಚಳಿ ನಿಮಗೆ ಗೊತ್ತಿದ್ದರೆ ಆ ಬಚ್ಚಲೊಲೆಯ ಬೆಲೆಯೂ ಗೊತ್ತಾಗುತ್ತದೆ. ಬೆಳಿಗ್ಗೆ ಎಂಟಾದರೂ ಮಂಜು ಗಿಡದಿಂದ ಇಳಿಯುವುದಿಲ್ಲ, ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಅಂಥ ಬೆಳಗಿನಲ್ಲಿ ಮಾವ ಮುಂದಿನ ಸೀಟಿನಲ್ಲಿ ಬೂಟು ಕಳಚಿ, ಜಗಲಿಯ ಮೇಲೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ, ಬಿಸಿಗಾಳಿಗೆ ಮೀಸೆ ಒಡ್ಡಿಕೊಂಡು ಮೂಡಿಗೆರೆಗೆ ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕ ಬೇರೆ ತೋಟದವರನ್ನು ಹತ್ತಿಸಿಕೊಂಡು, "ಸ್ವಲ್ಪ ಸೆಖೆ ಆಗ್ತಿದ್ಯಾ?" ಎಂದು ಬೇಕೆಂದೇ ಕೇಳುತ್ತಿದ್ದರು.

ನಾನು ಆ ಮನೆಗೆ ಕಾಲಿಟ್ಟ ವಾರದಲ್ಲೇ ಫ್ಯಾನು ನಿಂತಿತು.

"ಸೊಸೆ ಒಳಗೆ ಬಂದ್ಲು, ಫ್ಯಾನು ನಿಂತ್ಹೋಯ್ತು. ಕಾಲ್ಗುಣ ಅಂದ್ರೆ ಇದೇ ನೋಡಿ," ಎಂದು ಮಾವ ಊಟದ ಹೊತ್ತಿಗೆ ತಮಾಷೆ ಮಾಡಿದರು. ಅವರಿಗೆ ಅದು ತಮಾಷೆ. ತಟ್ಟೆಗೆ ಅನ್ನ ಬಡಿಸುತ್ತಿದ್ದ ನಾನು ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದೆ. ಭೂಪಟದಂಥ ರೊಟ್ಟಿಯ ಮೇಲೆ ಇದೊಂದು ಬೇರೆ. ಮಾರನೆಯ ದಿನ ಕಣದಲ್ಲಿ ಕಾಫಿ ಒಣಗಿಸುವ ಹೆಂಗಸರೂ ಅದೇ ಮಾತಾಡಿ ನಗುತ್ತಿದ್ದರು.

ಪಾಸ್ಕಲ್ ರಿಪೇರಿಗೆ ಇಳಿದ. ಮೊದಲು ಪೆಟ್ಟಿಗೆಯ ಬಾಯಿ ತೆಗೆದು, ಒಳಗೆ ಗೂಡು ಕಟ್ಟಿದ್ದ ಇಲಿಯ ಸಂಸಾರವನ್ನು ಹೊರಹಾಕಿದ. ಕಾರಿನ ನೆಲದಲ್ಲಿ ಮಂಡಿಯೂರಿ, ಹೆಗಲನ್ನು ಪೆಟ್ಟಿಗೆಗೆ ಆನಿಸಿ ಗುಂಡಿ ತಿರುಗಿಸಿದರೆ ಫ್ಯಾನು ಗರ್ರೆಂದಿತು! ಮಾವ ಖುಷಿಯಾಗಿ ಶಾಲು ಹೊದ್ದು ಹತ್ತಿದರು. ತೋಟದ ಗೇಟು ದಾಟುವ ಮೊದಲೇ ಫ್ಯಾನು ಸುಮ್ಮನಾಯಿತು.

"ಫ್ಯೂಸು ಆಗಿರ್ಬೇಕು ಗೌಡ್ರೆ," ಎಂದ ಪಾಸ್ಕಲ್. ಚಿಕ್ಕಮಗಳೂರಿನಿಂದ ಗಾಜಿನ ಫ್ಯೂಸು ತರಿಸಿ ಹಾಕಿದ್ದಾಯಿತು. ಶೆಡ್ಡಿನಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟು ನೋಡಿದ, ತಿರುಗಿತು. ದಾರಿಗೆ ಬಂದಾಗ ನಿಂತಿತು. ಗುಂಡಿಯೊಳಗೆ ಕಿಲುಬು ಹಿಡಿದಿರಬೇಕೆಂದು ಅದನ್ನು ಉಜ್ಜಿದ. ವೈರು ಬದಲಾಯಿಸಿದ. ಮೋಟರನ್ನೇ ಬಿಚ್ಚಿ ಅದರ ಕಾರ್ಬನ್ ತುಂಡುಗಳನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದ, ಅವೇನೂ ಸವೆದಿರಲಿಲ್ಲ. ಪ್ರತಿ ಸಲವೂ ಅದೇ ಕತೆ.

"ಇದು ಕಾರಿನ ಫ್ಯಾನಾ, ಶೆಡ್ಡಿನ ಫ್ಯಾನಾ ಮಾರಾಯ?" ಎಂದು ಮಾವ ರೇಗಿದರು.

"ದೊರೆಯ ಕಾಲದಲ್ಲಿ ಹೀಗೆ ಇರ್ಲಿಲ್ಲ," ಎಂದ ಪಾಸ್ಕಲ್ ತಲೆ ಕೆರೆದುಕೊಂಡು.

ಇಷ್ಟಾದರೂ ಅತ್ತೆಗೂ ಆ ಫ್ಯಾನಿಗೂ ಯಾವ ಸಂಬಂಧವೂ ಇರಲಿಲ್ಲ, ಯಾಕೆಂದರೆ ತಪ್ಪಿಸಲಾಗದ ಒಂದೆರಡು ಸಲ ಹಿಂದಿನ ಸೀಟಿನಲ್ಲಿ ನರಳಿದ್ದು ಬಿಟ್ಟರೆ ಅವರಿಗೂ ಕಾರಿಗೂ ಸಂಬಂಧವೇ ಇರಲಿಲ್ಲ. ಗಾಡಿ ಯಾವುದಾದರೂ ಅವರಿಗೆ ತಲೆ ಸುತ್ತಿ ಹೊಟ್ಟೆ ತೊಳೆಸುತ್ತಿತ್ತು. ಬಸ್ಸಾದರಂತೂ ಪೆಟ್ರೋಲಿನ ವಾಸನೆಗೇ ಅರ್ಧ ಜೀವ. ಕಳಸದ ಹತ್ತಿರದ ಹಳ್ಳಿಯೊಂದರಲ್ಲಿ ಅವರ ಅಕ್ಕ ಇದ್ದರು. ತಾಯಿ ಬೇಗ ತೀರಿಕೊಂಡು, ಅಕ್ಕನ ಕೈತುತ್ತಿನಲ್ಲೇ ಬೆಳೆದವರು ನಮ್ಮತ್ತೆ. ಆ ಅಕ್ಕನನ್ನು ನೋಡಬೇಕೆಂದು ಒಮ್ಮೆ ಬಸ್ಸಿನಲ್ಲಿ ಹೊರಟು, ಕೊಟ್ಟಿಗೆಹಾರದಲ್ಲಿ ಇಳಿದು ಯಾರದೋ ಅಂಗಡಿಯ ಬೆಂಚಿನ ಮೇಲೆ ಮಲಗಿ, ಅಲ್ಲಿಂದಲೇ ವಾಪಸಾಗಿದ್ದರಂತೆ. ಆಮೇಲೆ ವರ್ಷ ವರ್ಷ ಉಪ್ಪಿನಕಾಯಿ ಮಾತ್ರ ಕಳಸಕ್ಕೆ ಹೋಗುತ್ತಿತ್ತು, ಅತ್ತೆ ಹೋಗುತ್ತಿರಲಿಲ್ಲ. ಆ ವರ್ಷ ಏಲಕ್ಕಿ ವ್ಯಾಪಾರದವನೊಬ್ಬನ ಬಾಯಲ್ಲಿ ಅಕ್ಕ ಹೇಳಿಕಳಿಸಿದ್ದರು: "ಕಣ್ಣು ಮಂಜಾಗ್ತಾ ಬಂತು. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಮುಖ ತೋರ್ಸಿ ಹೋಗು ಅನ್ನಿ."

ಅತ್ತೆ ಆ ಮಾತನ್ನು ಕೇಳಿ ಸೀದಾ ಒಲೆಯ ಮುಂದೆ ಹೋಗಿ ಕೂತರು. ಅವತ್ತು ಅವರು ತಟ್ಟಿದ ರೊಟ್ಟಿಯೂ ಸರಿಯಾಗಿ ದುಂಡಗಾಗಲಿಲ್ಲ. ನಾನು ಕಡೂರಿನ ಮಾತೆತ್ತಲಿಲ್ಲ.

ಅದಾಗಿ ಕೆಲವು ದಿನಕ್ಕೆ ಮೂಡಿಗೆರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ತಪ್ಪಿಸುವಂತಿರಲಿಲ್ಲ. ನನ್ನ ಗಂಡ ಕೊಯ್ಲು ನೋಡಿಕೊಳ್ಳಲು ತೋಟದಲ್ಲೇ ಉಳಿದರು. ಮಾವ ಎಂದಿನಂತೆ ಮುಂದೆ, ನಾನು ಮತ್ತು ಅತ್ತೆ ಹಿಂದೆ. ಹೆಂಗಸರು ಹಿಂದೆ ಕೂರುವುದು ಎಂಬುದು ಯಾರೂ ಬರೆದಿಟ್ಟ ನಿಯಮವಲ್ಲ. ಎತ್ತಿಗೆ ಎರಡು ಕೋಡಿರುವ ಹಾಗೆ ಅದೊಂದು ಇದ್ದ ಸಂಗತಿ. ಅರ್ಧ ದಾರಿ ಹೋಗುವಾಗ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. ಅದೇ ಹೊತ್ತಿಗೆ ಪಾಸ್ಕಲ್ ಒಂದು ತಿರುವಿನಲ್ಲಿ ಬ್ರೇಕು ಒತ್ತಿದ. ಮಾವ ಮುಂದಿನ ಕಿಟಕಿಯಿಂದ ಕೈ ಹೊರಗೆ ಚಾಚಿಕೊಂಡಿದ್ದರು. ಹೊಸ ಕೋಟಿನ ತೋಳಿಗೆ ಏನಾಯಿತೆಂದು ಬಿಡಿಸಿ ಹೇಳುವುದು ಬೇಡ.

ಕಾರು ನಿಲ್ಲಿಸಿ ತೊಳೆದದ್ದಾಯಿತು. ಪಾಸ್ಕಲ್ ಹೆದರುತ್ತಲೇ ಹೇಳಿದ: "ಅಮ್ಮನವರನ್ನು ಮುಂದೆ ಕೂರಿಸಿ ನೋಡುವ ಗೌಡ್ರೆ. ಎದುರಿನ ದಾರಿ ಕಂಡ್ರೆ ವಾಂತಿ ಬರ್ಲಿಕ್ಕಿಲ್ಲ. ದೊರೆಯ ಹೆಂಡ್ತಿ ಹಾಗೇ ಕೂರ್ತಿದ್ರು."

ಮಾವ ಒದ್ದೆ ತೋಳನ್ನೂ ಹೆಂಡತಿಯನ್ನೂ ನೋಡಿದರು. ಅವತ್ತು ಗೆದ್ದದ್ದು ತೋಳು. ಅತ್ತೆ ಮುಂದೆ ಹತ್ತಿದರು, ಮಾವ ನನ್ನ ಪಕ್ಕಕ್ಕೆ ಬಂದು ಕಿಟಕಿಗೆ ಅಂಟಿಕೊಂಡು ಕೂತರು. ಕಾರು ಹೊರಟಿತು. ಹೀಟ್ರಿನ ಗುಂಡಿಯನ್ನು ಮಾವ ತಿರುಗಿಸಿಯೇ ಬಿಟ್ಟಿದ್ದರು; ಈಗ ಮುಂದಿನ ಸೀಟಿನ ಎದುರಿನಿಂದ ಗರ್ರೆಂಬ ಸದ್ದು ಕೇಳಿತು.

"ಅಯ್ಯೋ, ಬಚ್ಚಲೊಲೆ ಹತ್ಕೊಂಡ್ತು!" ಎಂದರು ಅತ್ತೆ.

ಮೂಡಿಗೆರೆಯವರೆಗೂ ಫ್ಯಾನು ತಿರುಗಿತು, ಅತ್ತೆಯ ಹೊಟ್ಟೆ ತಿರುಗಲಿಲ್ಲ. ಬರುವಾಗ ಮಾವ ಮೊದಲಿನ ಜಾಗಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿದರು. ಫ್ಯಾನು ನಿಂತಿತು, ಅತ್ತೆ ಹಿಂದಿನಿಂದ ನರಳಿದರು. ಮತ್ತೆ ಅದಲುಬದಲು ಆಯಿತು. ಅತ್ತೆ ಮುಂದೆ ಕೂತದ್ದೇ ತಡ, ಗರ್ರ್. ಪಾಸ್ಕಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ತೋಟದಲ್ಲೆಲ್ಲ ಸುದ್ದಿಯೋ ಸುದ್ದಿ. ಅಮ್ಮಾವ್ರ ಕಾಲ್ಗುಣಕ್ಕೆ ಕಾರಿನ ಫ್ಯಾನು ತಿರುಗುತ್ತದಂತೆ! ತೋಟದ ಲೆಕ್ಕ ಬರೆಯುವ ರೈಟರು ಬಂದು ನೋಡಿಹೋದರು. ಮೇಸ್ತ್ರಿ ತನ್ನ ಹಾಲು ಕೊಡದ ಎಮ್ಮೆಯ ಕೊಟ್ಟಿಗೆಗೂ ಒಮ್ಮೆ ಅಮ್ಮಾವ್ರು ಕಾಲಿಟ್ಟು ಹೋಗಬೇಕೆಂದು ಕೇಳಿಕೊಂಡ. ಅತ್ತೆ ಮೈಯೆಲ್ಲ ನಗುತ್ತ ಹೋಗಿಬಂದರು. ಎಮ್ಮೆ ಏನೂ ಬದಲಾಗಲಿಲ್ಲ, ಆದರೆ ಎಮ್ಮೆಯ ಸೋಲನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಕಷ್ಟವಾದದ್ದು ಮಾವನಿಗೆ. ಚಳಿ ತಡೆಯಲಾರದೆ ಅವರು ಎಲ್ಲಿಗೆ ಹೋಗುವುದಿದ್ದರೂ ಅತ್ತೆಯನ್ನು ಕರೆದೊಯ್ಯಬೇಕಾಯಿತು, ಮುಂದಿನ ಸೀಟನ್ನೂ ಬಿಟ್ಟುಕೊಡಬೇಕಾಯಿತು. ಅತ್ತೆಗೆ ಜೊತೆಯೆಂದು ನಾನೂ ಹೋಗುತ್ತಿದ್ದೆ. ಮೂಡಿಗೆರೆಯ ಅಂಗಡಿಯವರು ಕಾರು ಕಂಡು ರೂಢಿಯಂತೆ ಮುಂದಿನ ಕಿಟಕಿಗೆ ಬಂದು ಕೈಮುಗಿಯುತ್ತಿದ್ದರು. ಒಳಗೆ ಅತ್ತೆಯನ್ನು ಕಂಡು ಕಕ್ಕಾಬಿಕ್ಕಿಯಾಗಿ, "ಗೌಡ್ರಿಗೆ ಹುಷಾರಿಲ್ವಾ ಅಮ್ಮಾವ್ರೆ?" ಎಂದು ಕೇಳುತ್ತಿದ್ದರು. "ಇಲ್ಲೇ ಇದೀನಯ್ಯ!" ಎಂದು ಹಿಂದಿನಿಂದ ಮಾವ ಗದರುತ್ತಿದ್ದರು. ಅತ್ತೆ ಮಾತ್ರ ಸೇತುವೆ, ಮರ, ದಾರಿಯಲ್ಲಿ ಹೋಗುವ ಜನ ಎಲ್ಲವನ್ನೂ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. "ಇಷ್ಟು ದಿನ ಬರೀ ನಿಮ್ಮ ಮಾವನ ಬೆನ್ನು ನೋಡಿದ್ದು ಕಣೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಕೊಯ್ಲು ಮುಗಿದ ಮೇಲೆ ಕಳಸಕ್ಕೆ ಹೋಗಿಬರುವುದೆಂದೂ ತೀರ್ಮಾನವಾಯಿತು.

ಎಲ್ಲರಿಗೂ ಸಮಾಧಾನ, ನನ್ನೊಬ್ಬಳನ್ನು ಬಿಟ್ಟು. ಅತ್ತೆಯ ಕಾಲ್ಗುಣಕ್ಕೆ ಫ್ಯಾನು ತಿರುಗುವುದು ನಿಜವಾದರೆ, ನನ್ನ ಕಾಲ್ಗುಣಕ್ಕೆ ನಿಂತದ್ದೂ ನಿಜವಾಗಬೇಕಲ್ಲ.

ಒಂದು ಬೆಳಿಗ್ಗೆ ನಾನು ಡ್ರೈವರಿನ ಹಿಂದಿನ ಜಾಗದಲ್ಲಿ ಕೂತಿದ್ದೆ. ಅಲ್ಲಿಂದ ಓರೆಯಾಗಿ ಅತ್ತೆಯ ಕಾಲು ಕಾಣುತ್ತಿತ್ತು. ಕಾರಿನ ವೇಗಕ್ಕೆ ಹೆದರಿ ಅವರು ಎರಡೂ ಪಾದಗಳನ್ನು ಆ ಪೆಟ್ಟಿಗೆಗೆ ಒತ್ತಿ ಹಿಡಿದಿದ್ದರು. ನಡುವೆ ಕಾಲುಂಗುರಕ್ಕೆ ಸೀರೆಯ ಅಂಚು ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕಾಲು ಎತ್ತಿದರು. ಫ್ಯಾನು ನಿಂತಿತು. ಬಿಡಿಸಿಕೊಂಡು ಮತ್ತೆ ಪಾದ ಊರಿದರು. ಗರ್ರ್! ಕೂಗಬೇಕೆನಿಸಿತು, ಪಕ್ಕದಲ್ಲಿ ಮಾವ ಇದ್ದರು. ನಾಲಿಗೆ ಕಚ್ಚಿಕೊಂಡೆ.

ಇಲ್ಲಿ ನಮ್ಮಪ್ಪನ ಗಂಟೆಯ ವಿಷಯ ಹೇಳಲೇಬೇಕು. ಅಪ್ಪ ನಮ್ಮ ಮನೆಯ ಬಾಗಿಲಿಗೆ ಒಂದು ಕರೆಂಟಿನ ಗಂಟೆ ಕಟ್ಟಿದ್ದರು. ಗಾಜಿನ ಭರಣಿಯಲ್ಲಿ ಅದೇನೋ ಉಪ್ಪುನೀರು, ಅದರಿಂದ ಎರಡು ತಂತಿ. ಗಂಟೆ ಕೆಟ್ಟಾಗಲೆಲ್ಲ ನನ್ನನ್ನೇ ಕರೆದು ಕೂರಿಸಿ ಹುಡುಕಿಸುತ್ತಿದ್ದರು. "ಕರೆಂಟಿಗೆ ಹೋಗೋ ದಾರಿ ಮಾತ್ರ ಇದ್ರೆ ಸಾಲ್ದು ಪುಟ್ಟಿ, ವಾಪಸ್ ಬರೋ ದಾರೀನೂ ಬೇಕು. ಅದಿಲ್ಲದಿದ್ರೆ ಹೊರಡೋದೇ ಇಲ್ಲ, ಥೇಟ್ ನಿಮ್ಮಜ್ಜಿ," ಎನ್ನುತ್ತಿದ್ದರು. ಅಜ್ಜಿ, ಬರುವ ಗಾಡಿ ಗೊತ್ತಾಗದೆ ಯಾವ ಊರಿಗೂ ಹೊರಡುತ್ತಿರಲಿಲ್ಲ.

ಮನೆಗೆ ಬಂದವಳೇ ಯಾರೂ ಇಲ್ಲದ ಹೊತ್ತು ನೋಡಿ ಶೆಡ್ಡಿಗೆ ಹೋದೆ. ಗುಂಡಿ ತಿರುಗಿಸಿದೆ. ಸದ್ದಿಲ್ಲ. ಪೆಟ್ಟಿಗೆಯನ್ನು ಕೈಯಿಂದ ಒತ್ತಿದೆ, ಫ್ಯಾನು ತಿರುಗಿತು. ಕೈ ತೆಗೆದೆ, ನಿಂತಿತು. ಬಗ್ಗಿ ನೋಡಿದರೆ ಪೆಟ್ಟಿಗೆಗೆ ಹೋಗುತ್ತಿದ್ದದ್ದು ಒಂದೇ ತಂತಿ. ಹಾಗಾದರೆ ಬರುವ ದಾರಿ? ಪೆಟ್ಟಿಗೆಯ ತಗಡೇ ಆ ದಾರಿ. ತಗಡಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಕಾರಿನ ಮೈಗೆ, ಅಲ್ಲಿಂದ ಬ್ಯಾಟರಿಗೆ. ಪೆಟ್ಟಿಗೆಯನ್ನು ಹಿಡಿದಿದ್ದ ಎರಡು ಬೋಲ್ಟುಗಳಲ್ಲಿ ಒಂದು ಸಡಿಲವಾಗಿ ಅಲುಗುತ್ತಿತ್ತು, ಇನ್ನೊಂದು ತುಕ್ಕು ಹಿಡಿದು ಕೆಂಪಗಾಗಿತ್ತು. ಒತ್ತಿದರೆ ದಾರಿ ಕೂಡುತ್ತಿತ್ತು, ಬಿಟ್ಟರೆ ತಪ್ಪುತ್ತಿತ್ತು. ಅತ್ತೆಯ ಕಾಲೂ ಅದನ್ನು ಒತ್ತುತ್ತಿತ್ತು, ಶೆಡ್ಡಿನಲ್ಲಿ ಪಾಸ್ಕಲನ ಹೆಗಲೂ ಒತ್ತುತ್ತಿತ್ತು. ಚಕ್ಕಳಮಕ್ಕಳ ಹಾಕುವ ಮಾವನ ಕಾಲು ಮಾತ್ರ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಕುಣಿಯುವಷ್ಟು ಸಂತೋಷವಾಯಿತು. ನನ್ನ ಕಾಲಿಗೆ ಅಂಟಿದ ಅಪವಾದ ಎರಡು ಬೋಲ್ಟಿನ ತುಕ್ಕಿನಿಂದ ಬಂದದ್ದು! ಅಡಿಗೆಮನೆಯವರೆಗೆ ಓಡಿದವಳು ಹೊಸ್ತಿಲಲ್ಲಿ ನಿಂತೆ. ಹೇಳಿದರೆ ಪಾಸ್ಕಲ್ ಅವತ್ತೇ ಬೋಲ್ಟು ಬಿಗಿಯುತ್ತಾನೆ. ಮಾವ ಅವತ್ತೇ ಮುಂದಿನ ಸೀಟಿಗೆ ಹೋಗುತ್ತಾರೆ. ಅತ್ತೆ ಹಿಂದಕ್ಕೆ. ಆಮೇಲೆ ಕಳಸ? ಅಲ್ಲಿ ಕಣ್ಣು ಮಂಜಾಗುತ್ತಿರುವ ಅಕ್ಕ?

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಕಣದಲ್ಲಿ ಅತ್ತೆ ಒಣಗುವ ಕಾಫಿಯನ್ನು ಕೈಯಾಡಿಸಿ ನೋಡುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪಾದ ಎತ್ತಿ ಹಿಂದೆ ಮುಂದೆ ನೋಡಿಕೊಂಡರು.

"ಅಂದ್ರೆ ನನ್ನ ಕಾಲಲ್ಲಿ ಎಂತದೂ ಇಲ್ಲ ಅಂತೀಯಾ?"

"ನನ್ನ ಕಾಲಲ್ಲೂ ಇಲ್ಲ ಅತ್ತೆ."

ಅವರು ನನ್ನನ್ನು ದಿಟ್ಟಿಸಿದರು. ನಗಲಿಲ್ಲ. "ಅವ್ರು ಅವತ್ತು ಅಂದಿದ್ದು ಇಷ್ಟು ದಿನ ಮನಸ್ಸಲ್ಲಿ ಇಟ್ಕೊಂಡಿದ್ಯಾ?" ಎಂದರು.

ನಾನು ಕಾಲ್ಬೆರಳಿನಿಂದ ಕಾಫಿಕಾಯಿಯೊಂದನ್ನು ಉರುಳಿಸುತ್ತ ನಿಂತೆ.

"ಹೋಗು, ಪಾಸ್ಕಲ್‌ನ ಕರಿ. ಇವತ್ತೇ ಸರಿ ಮಾಡ್ಸು."

"ಸರಿ ಮಾಡ್ಸಿದ್ರೆ ಮಾವ ನಿಮ್ಮನ್ನ ಹಿಂದೆ ಕೂರಿಸ್ತಾರೆ. ಕಳಸಕ್ಕೆ ಹೋಗಿ ಬಂದ್ಮೇಲೆ ಹೇಳೋಣ ಅತ್ತೆ."

"ಬೋಲ್ಟು ಸಡ್ಲ ಅಂತ ಸಿಕ್ಕಿದ ಜಾಗ ಎಷ್ಟು ದಿನ ಇರುತ್ತೆ ಮಾರಾಯ್ತಿ? ನಿನ್ನ ಕಾಲ್ಗುಣ, ನನ್ನ ಕಾಲ್ಗುಣ ಎರಡೂ ಸುಳ್ಳೇ. ನಂಗೂ ಬೇಡ, ನಿಂಗೂ ಬೇಡ. ಸೀಟಿನ ವಿಷಯ ನಾನು ನೋಡ್ಕೊಳ್ತೀನಿ," ಎಂದು ಸೆರಗು ಕೊಡವಿ ಎದ್ದರು.

ಪಾಸ್ಕಲ್ ಪೆಟ್ಟಿಗೆ ಕಳಚಿ, ತುಕ್ಕನ್ನೂ ಹಳೆಯ ಬಣ್ಣವನ್ನೂ ಹೊಳೆಯುವವರೆಗೆ ಕೆರೆದು, ಹೊಸ ಬೋಲ್ಟು ಹಾಕಿ ಬಿಗಿದ. "ನಾನು ಒರಗಿದ್ರೆ ತಿರುಗ್ತದೆ, ಬಿಟ್ಟರೆ ಇಲ್ಲ; ನನ್ನ ತಲೆಗೆ ಹೋಗ್ಲೇ ಇಲ್ಲವಲ್ಲ ಸಣ್ಣಮ್ಮ!" ಎಂದು ಹಣೆ ಹಣೆ ಬಡಿದುಕೊಂಡು ನಕ್ಕ. ಮಾವ ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಶೆಡ್ಡಿನಲ್ಲಿ ತಿರುಗಿತು, ಗೇಟು ದಾಟಿದರೂ ತಿರುಗಿತು. ಮಲ್ಲಂದೂರಿಗೆ ಹೋಗಿ ಬರುವವರೆಗೂ ನಿಲ್ಲಲಿಲ್ಲ. ಕಾರಿಳಿದ ಮಾವ ಮೀಸೆಗೆ ತಿಳಿಸದೆಯೇ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಅತ್ತೆ, ಹುಳಿ ಬಡಿಸುತ್ತ, "ಫ್ಯಾನು ನಿಲ್ಸಿದ್ದು ಸೊಸೆ ಅಂತಿದ್ರಲ್ಲ, ತಿರುಗ್ಸಿದ್ದೂ ಅವ್ಳೇ. ಅದನ್ನೂ ನಾಲ್ಕು ಜನಕ್ಕೆ ಹೇಳಿ," ಎಂದರು. ಮಾವ ನನ್ನ ಕಡೆ ನೋಡಿ, "ಹೇಳ್ತೀನಿ," ಎಂದರು. ಹೇಳಿದರು ಕೂಡ, ಮೂಡಿಗೆರೆಯಲ್ಲಿ ಕೇಳದವರಿಗೂ ಹಿಡಿದು ನಿಲ್ಲಿಸಿ ಹೇಳಿದರು.

ಕೊಯ್ಲು ಮುಗಿಯಿತು. ಕಳಸಕ್ಕೆ ಹೊರಡುವ ಬೆಳಿಗ್ಗೆ ಮಾವ ಶಾಲು ಹೊದ್ದು ಜಗಲಿಯಿಂದ ಇಳಿಯುವಷ್ಟರಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಮಡಿಲಲ್ಲಿ ಅಕ್ಕನಿಗೆಂದು ಕಟ್ಟಿಕೊಂಡ ಗಂಟು.

"ಫ್ಯಾನು ಸರಿಯಾಯ್ತಲ್ಲ ಮಾರಾಯ್ತಿ. ಇನ್ನು ನೀನು ಮುಂದೆ ಯಾಕೆ?"

"ಹೌದು, ಫ್ಯಾನಿಗೆ ನಾನು ಬೇಡ," ಎಂದರು ಅತ್ತೆ. "ಆದ್ರೆ ನಂಗೆ ಈ ಸೀಟು ಬೇಕು."

ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಉಪ್ಪು ಬೇಕು ಎಂದ ಹಾಗೆ ಹೇಳಿದರು. ಪಾಸ್ಕಲ್ ಸ್ಟೀರಿಂಗನ್ನೇ ನೋಡುತ್ತ ಕೂತ. ಮಾವ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಸುಮ್ಮನೆ ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತರು.

ಕೊಟ್ಟಿಗೆಹಾರದಲ್ಲಿ ಮಂಜು ದಾರಿಗೇ ಇಳಿದಿತ್ತು. ಅದನ್ನು ದಾಟಿ ಕಳಸದ ದಾರಿ ಹಿಡಿದ ಮೇಲೆ ತಿರುವಿನ ಮೇಲೆ ತಿರುವು. ಒಂದರ ಬಾಲ ಬಿಡುವ ಮುಂಚೆ ಇನ್ನೊಂದರ ತಲೆ. ಅತ್ತೆ ಪ್ರತಿ ತಿರುವಿಗೂ ಮೈ ವಾಲಿಸಿ, "ಈಗ ಎಡಕ್ಕೆ, ಈಗ ಬಲಕ್ಕೆ," ಎಂದು ಪಾಸ್ಕಲನಿಗೆ ದಾರಿ ಹೇಳುತ್ತಿದ್ದರು. ಬಿಸಿಗಾಳಿ ಹಿಂದಿನವರೆಗೂ ಬರುತ್ತಿತ್ತು. ಪಕ್ಕದಲ್ಲಿ ಮಾವ ಶಾಲು ತೆಗೆದರು. ಕೋಟಿನ ಗುಂಡಿ ಬಿಚ್ಚಿದರು. ಮುಖ ನೋಡಿದರೆ ಹಣ್ಣಾಗದ ಕಾಫಿಕಾಯಿಯ ಬಣ್ಣ.

"ನಿಲ್ಸು... ನಿಲ್ಸು ಮಾರಾಯ," ಎಂದವರೇ ಬಾಗಿಲು ತೆಗೆದು ರಸ್ತೆಯಂಚಿಗೆ ಓಡಿದರು.

ಅತ್ತೆ ಇಳಿದುಹೋಗಿ ಅವರ ಬೆನ್ನು ನೀವಿದರು. ನೀರು ಕೊಟ್ಟು ಬಾಯಿ ತೊಳೆಸಿದರು. ಸೊಂಟದಿಂದ ಒಂದು ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದರು. ಒಂದು ಚುಚ್ಚುಮಾತೂ ಆಡಲಿಲ್ಲ. ಮಾವ ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ತುಂಬಿ, ಅವರನ್ನು ನೋಡಿದರು.

"ನಿಂಗೆ ಪ್ರತಿ ಸಲನೂ ಹೀಗೇ ಆಗ್ತಿತ್ತಾ?"

"ಹೂಂ."

"ಹೇಳ್ಬಾರ್ದಾ?"

"ಹೇಳಿದ್ದೆ. ಮುಂದೆ ಕೂತೋರಿಗೆ ಕೇಳ್ತಿರ್ಲಿಲ್ಲ."

ಮಾವ ಮತ್ತೆ ನಿಂಬೆಹಣ್ಣು ಮೂಸಿದರು. ಅತ್ತೆ, ತಡೆಯಲಾರದೆ, ಮುಂದೆ ಬೇಕಾದರೆ ಬನ್ನಿ ಎಂದು ಕರೆದರು. ಮಾವ ಬೇಡವೆಂದು ತಲೆಯಾಡಿಸಿ, ತಾವೇ ಮುಂದಿನ ಬಾಗಿಲು ತೆಗೆದು ಹಿಡಿದರು. ಅತ್ತೆ ಹತ್ತಿದ ಮೇಲೆ ಅದನ್ನು ಮೆಲ್ಲಗೆ ಮುಚ್ಚಿ ಹಿಂದೆ ಬಂದರು. ಪಾಸ್ಕಲ್ ಆಮೇಲೆ ಕಾರನ್ನು ಎತ್ತಿನಗಾಡಿಯ ಹಾಗೆ ಬಿಟ್ಟ.

ಅಕ್ಕನ ಮನೆಯ ಅಂಗಳ ಮುಟ್ಟುವಾಗ ಬಿಸಿಲು ಏರಿತ್ತು. ಕಾರಿನ ಸದ್ದಿಗೆ ಅಕ್ಕ ಗೋಡೆ ಹಿಡಿದು ಹೊರಗೆ ಬಂದರು. ಅತ್ತೆಯಷ್ಟೇ ಗಿಡ್ಡ, ಕೂದಲೆಲ್ಲ ಬೆಳ್ಳಗೆ. ಅತ್ತೆ ಗಂಟನ್ನು ಅಲ್ಲೇ ಬಿಟ್ಟು ಓಡಿದರು. ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲಿನ ಕಡೆ ತಿರುಗಿಸಿ, ಹತ್ತಿರ, ಇನ್ನೂ ಹತ್ತಿರ ತಂದುಕೊಂಡು ನೋಡಿದರು. "ಕಾಣ್ತದೆ ಕಣೆ, ಇನ್ನೂ ಕಾಣ್ತದೆ," ಎಂದರು. ಅವರಿಬ್ಬರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ.

"ವಾಂತಿ ಆಗ್ಲಿಲ್ವಾ? ಇಷ್ಟು ದೂರ ಹೆಂಗೆ ಬಂದ್ಯೇ?"

"ಮುಂದೆ ಕೂತ್ಕೊಂಡು ಬಂದೆ ಅಕ್ಕ."

ಅಷ್ಟರಲ್ಲಿ ಮಾವ ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ತೂರಾಡುತ್ತ ಕಾರಿನಿಂದ ಇಳಿದರು. ಅಕ್ಕನಿಗೆ ಅವರ ಮುಖ ಕಾಣದಿದ್ದರೂ ನಡಿಗೆ ಕಂಡಿತು. ಗಾಬರಿಯಾಗಿ, "ಗೌಡ್ರಿಗೆ ಎಂತ ಆಯ್ತು?" ಎಂದು ಕೇಳಿದರು.

"ಎಂತದೂ ಆಗಿಲ್ಲ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಅವ್ರು ಇವತ್ತು ಹಿಂದೆ ಕೂತಿದ್ರು, ಅಷ್ಟೆ."